ವೆಬ್ ಸೇವೆಯ ರಾಶಿಯಿಂದ ಬೇಕಾದಷ್ಟೇ ಹಸನು ಮಾಡಿಕೊಳ್ಳುವುದು: ಫೀಲ್ಡ್ ಆರಿಸುವ, ಫಿಲ್ಟರ್ ಹಾಕುವ ಸಮಗ್ರ ಮಾರ್ಗದರ್ಶಿ

ರಾಯಚೂರಿನ ಗಂಜಿನಲ್ಲಿ ಹರಾಜು ಮುಗಿಯುತ್ತಿದ್ದಂತೆ ಹತ್ತಿ, ತೊಗರಿ, ಭತ್ತದ ದರ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. ಅದನ್ನು ದಿನಾ ಕೈಯಿಂದ ಟೈಪ್ ಮಾಡುವ ಬದಲು ಒಂದು ವೆಬ್ ಸೇವೆಯಿಂದ (ಪ್ರೋಗ್ರಾಮು ಕೇಳಿದಾಗ ದತ್ತಾಂಶ ಕಳಿಸುವ ಸರ್ವರ್) ಎಳೆದುಕೊಂಡು, ಬೇಕಾದ ನಾಲ್ಕು ಸಾಲು ಮಾತ್ರ ತೆಗೆಯಬಹುದು. ಅಡತಿ ಅಂಗಡಿಯ ಕಂಪ್ಯೂಟರ್ ಇರಲಿ, ರೈತ ಉತ್ಪಾದಕ ಕಂಪನಿಯ ಕಚೇರಿ ಇರಲಿ, ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಇರಲಿ, ಕೆಲಸ ಒಂದೇ.

ಇದರಲ್ಲಿ ಎರಡು ಭಾಗ. ಬೇಡದ ದಾಖಲೆಗಳನ್ನು ಬಿಡುವುದು ಫಿಲ್ಟರ್. ಉಳಿದ ದಾಖಲೆಯಲ್ಲಿ ಬೇಕಾದ ಕಾಲಂಗಳನ್ನು, ಅಂದರೆ ಫೀಲ್ಡುಗಳನ್ನು, ಮಾತ್ರ ಇಟ್ಟುಕೊಳ್ಳುವುದು ಆಯ್ಕೆ. ಜೋಳ ಹಸನು ಮಾಡುವಾಗ ಜರಡಿಯಿಂದ ಕೆಳಗೆ ಬಿದ್ದದ್ದು ಕಣ್ಣಿಗೆ ಬೀಳುತ್ತದೆ, ಕಾಳು ಹೋಗಿದ್ದರೆ ಬಾಚಿ ಮತ್ತೆ ಹಾಕಬಹುದು. ಇಲ್ಲಿ ಬಿದ್ದದ್ದು ಕಾಣುವುದೇ ಇಲ್ಲ. ತಪ್ಪು ಫಿಲ್ಟರ್ ಸಾಮಾನ್ಯವಾಗಿ ದೋಷ ತೋರಿಸದೆ ಸುಮ್ಮನೆ ಎರಡು ಸಾಲು ಕಡಿಮೆ ಕೊಡುತ್ತದೆ. ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯಲ್ಲೂ ಎಷ್ಟು ದಾಖಲೆ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ.

ಬೇಕಾದ ಪರಿಕರಗಳು: ಸೇವೆಯಿಂದ ತರಲು ಕರ್ಲ್, ಜೇಸನ್ ಸೋಸಲು ಜೆಕ್ಯೂ, ಎಕ್ಸ್‌ಎಂಎಲ್‌ಗೆ ಎಕ್ಸ್‌ಎಂಎಲ್‌ಲಿಂಟ್. ಜೇಸನ್, ಎಕ್ಸ್‌ಎಂಎಲ್ ಎಂದರೆ ಸೇವೆಗಳು ದತ್ತಾಂಶವನ್ನು ಬರೆದು ಕಳಿಸುವ ಎರಡು ರೂಪಗಳು. ಪರಿಕರಗಳು ಮೂರೂ ಉಚಿತ. ಕೆಳಗಿನ ಉದಾಹರಣೆಗಳಲ್ಲಿ ಆಜ್ಞೆಗಳನ್ನು ಕನ್ನಡದಲ್ಲೇ ಬರೆದಿದೆ. ಸೆಲೆಕ್ಟ್, ಎನಿ, ಸ್ಪ್ಲಿಟ್ ಮುಂತಾದವನ್ನು ಕೀಲಿಮಣೆಯಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ ಒತ್ತಬೇಕು. ಉದ್ಧರಣ ಚಿಹ್ನೆಯೊಳಗಿನ ಕನ್ನಡ ಹಾಗೆಯೇ ಇರಲಿ.

ಮೊದಲು ಇಡೀ ದಾಖಲೆಯನ್ನು ಒಮ್ಮೆ ನೋಡಿ

ಯಾವ ಫೀಲ್ಡ್ ಬೇಕು ಎಂದು ತೀರ್ಮಾನಿಸುವ ಮುಂಚೆ ಏನೂ ಸೋಸದೆ ಒಂದೆರಡು ದಾಖಲೆ ತರಿಸಿ, ಕಡತವಾಗಿ ಉಳಿಸಿ. ಮುಂದೆ ಫಿಲ್ಟರ್ ತಿದ್ದುವಾಗ ಪ್ರತಿ ಸಲ ಸರ್ವರನ್ನು ಬಡಿಯದೆ ಈ ಕಡತದ ಮೇಲೆಯೇ ಪ್ರಯೋಗ ಮಾಡಬಹುದು. ನಾವು ಬಳಸುವ ನಮೂನೆ ಇದು. ದರಗಳು ಲೆಕ್ಕ ತೋರಿಸಲು ಹಾಕಿದವು, ನಿಜವಾದ ಪೇಟೆ ದರವಲ್ಲ.

```
[
 {
  "ಮಾರುಕಟ್ಟೆ": "ರಾಯಚೂರು",
  "ಜಿಲ್ಲೆ": "ರಾಯಚೂರು",
  "ದಿನಾಂಕ": "09/01/2025",
  "ಆವಕ": [
   {"ಬೆಳೆ": "ಹತ್ತಿ", "ಘಟಕ": "ಕ್ವಿಂಟಲ್", "ಗರಿಷ್ಠ": 7450, "ಮಾದರಿ": "7,100"},
   {"ಬೆಳೆ": "ಹತ್ತಿ", "ಘಟಕ": "ಕ್ವಿಂಟಲ್", "ಗರಿಷ್ಠ": 7000, "ಮಾದರಿ": 6850},
   {"ಬೆಳೆ": "ಭತ್ತ", "ಘಟಕ": "75 ಕೆಜಿ ಚೀಲ", "ಗರಿಷ್ಠ": 1720, "ಮಾದರಿ": 1650},
   {"ಬೆಳೆ": "ತೊಗರಿ", "ಘಟಕ": "ಕ್ವಿಂಟಲ್", "ಗರಿಷ್ಠ": 0, "ಮಾದರಿ": ನಲ್}
  ]
 }
]
```

ಇಷ್ಟು ಸಣ್ಣ ತುಣುಕಿನಲ್ಲೇ ಐದು ತೊಡಕು ಅಡಗಿವೆ. ಒಂದು ಮಾರುಕಟ್ಟೆಯ ಒಳಗೆ ಬೆಳೆಗಳ ಪಟ್ಟಿ ಇದೆ. ಹತ್ತಿ ಎರಡು ಸಲ ಬಂದಿದೆ. ಒಂದು ಕಡೆ ದರ ಸಂಖ್ಯೆ, ಇನ್ನೊಂದು ಕಡೆ ಅಲ್ಪವಿರಾಮ ಸಹಿತ ಪಠ್ಯ. ತೊಗರಿಯ ಮಾದರಿ ದರ (ಆ ದಿನ ಹೆಚ್ಚು ಮಾರಾಟ ನಡೆದ ದರ) ಖಾಲಿ, ಅಂದರೆ ನಲ್. ಐದನೆಯದು ಘಟಕ. ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಹೇಳುವುದು 75 ಕೆಜಿ ಚೀಲಕ್ಕೆ. ಹತ್ತಿ, ತೊಗರಿಗೆ ಕ್ವಿಂಟಲ್ ಲೆಕ್ಕ. ಬೆಳೆ ಮತ್ತು ಮಾದರಿ ದರ ಎರಡನ್ನೇ ಆರಿಸಿ ಘಟಕವನ್ನು ಬಿಟ್ಟರೆ ಭತ್ತ 1650 ಎಂದು ಕಾಣುತ್ತದೆ. ಕ್ವಿಂಟಲ್‌ಗೆ ಅದು 1650 ÷ 75 × 100, ಅಂದರೆ 2200 ರೂಪಾಯಿ. ಸಂಖ್ಯೆ ಸರಿ, ಅರ್ಥ ತಪ್ಪು. ಇಂಥ ತಪ್ಪನ್ನು ಯಾವ ಪ್ರೋಗ್ರಾಮೂ ಹಿಡಿಯುವುದಿಲ್ಲ. ಹಾಗಾಗಿ ದರ ಆರಿಸಿದರೆ ಅದರ ಘಟಕ ಮತ್ತು ದಿನಾಂಕವನ್ನೂ ಜೊತೆಗೇ ಆರಿಸಿ.

ಸೋಸುವ ಕೆಲಸ ಸರ್ವರ್ ಮಾಡುತ್ತದೆಯೇ?

ಸರ್ವರೇ ಸೋಸಿ ಕೊಟ್ಟರೆ ಡೇಟಾ ಖರ್ಚು ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಆದರೆ ಸೋಸು ಎಂದು ಕೇಳುವ ರೀತಿ ಸೇವೆಯಿಂದ ಸೇವೆಗೆ ಬೇರೆ. ಯುಆರ್‌ಎಲ್ ಮೂಲಕವೇ ಕೇಳುವ ಸಾದಾ ರೆಸ್ಟ್ ಸೇವೆಯಲ್ಲಿ ಯುಆರ್‌ಎಲ್‌ನ ಪ್ರಶ್ನಾರ್ಥಕ ಚಿಹ್ನೆಯ ನಂತರ ಫೀಲ್ಡ್ಸ್, ಫಿಲ್ಟರ್ಸ್, ಲಿಮಿಟ್ (ಎಷ್ಟು ದಾಖಲೆ ಬೇಕು), ಆಫ್‌ಸೆಟ್ (ಮೊದಲ ಎಷ್ಟು ಬಿಡಬೇಕು) ಎಂಬ ಹೆಸರುಗಳು ಸಾಮಾನ್ಯ. ಒಡೇಟಾ ಎಂಬ ಇನ್ನೊಂದು ಬಗೆಯ ಸೇವೆಯಲ್ಲಿ ಇವೇ ಡಾಲರ್ ಚಿಹ್ನೆಯಿಂದ ಶುರುವಾಗುತ್ತವೆ: $ಸೆಲೆಕ್ಟ್, $ಫಿಲ್ಟರ್, $ಟಾಪ್, $ಸ್ಕಿಪ್. ಅಲ್ಲಿ ಸಮ ಎನ್ನಲು ಇಕ್ಯೂ, ಹೆಚ್ಚು ಎನ್ನಲು ಜಿಟಿ, ಕಡಿಮೆ ಎನ್ನಲು ಎಲ್‌ಟಿ ಬರೆಯಬೇಕು. ಫೇಸ್‌ಬುಕ್ 2015ರಲ್ಲಿ ಹೊರಬಿಟ್ಟ ಪ್ರಶ್ನೆ ಭಾಷೆಯಾದ ಗ್ರಾಫ್‌ಕ್ಯೂಎಲ್‌ನಲ್ಲಿ ಫೀಲ್ಡ್ ಆರಿಸದೆ ಪ್ರಶ್ನೆಯೇ ಆಗುವುದಿಲ್ಲ. ಬೇಕಾದ ಹೆಸರುಗಳನ್ನು ಬರೆದರೆ ಅಷ್ಟೇ ಬರುತ್ತದೆ. ಆದರೆ ಫಿಲ್ಟರ್‌ಗೆ ಅದರಲ್ಲಿ ಒಂದು ಸಾರ್ವತ್ರಿಕ ನಿಯಮ ಇಲ್ಲ. ಸೇವೆ ಕಟ್ಟಿದವರು ಯಾವ ಆರ್ಗ್ಯುಮೆಂಟ್ ಇಟ್ಟಿದ್ದಾರೋ ಅದಷ್ಟೇ. ಇನ್ನೊಂದು ಮಾತು: ಗ್ರಾಫ್‌ಕ್ಯೂಎಲ್‌ನಲ್ಲಿ ಒಳಗೆ ಎಡವಟ್ಟಾಗಿದ್ದರೂ ಎಚ್‌ಟಿಟಿಪಿ ಸ್ಥಿತಿ 200 (ಎಲ್ಲ ಸರಿ) ಎಂದೇ ಬರುವುದು ಸಾಮಾನ್ಯ. ಉತ್ತರದಲ್ಲಿ ಎರರ್ಸ್ ಎಂಬ ಭಾಗ ಇದೆಯೇ ಎಂದು ಬೇರೆಯಾಗಿ ನೋಡಬೇಕು.

ಕೃಷಿ ದರಕ್ಕೆ ನಿಜವಾದ ಉದಾಹರಣೆ ಬೇಕಿದ್ದರೆ ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣ, ಡೇಟಾ ಡಾಟ್ ಗೌ ಡಾಟ್ ಇನ್ ಇದೆ. ಮಂಡಿಗಳ ದೈನಂದಿನ ದರದ ದಾಖಲೆಯಲ್ಲಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದಿನಾಂಕ, ಕನಿಷ್ಠ, ಗರಿಷ್ಠ, ಮಾದರಿ ದರಗಳು ಇರುತ್ತವೆ. ತಾಣದಲ್ಲಿ ಉದಾಹರಣೆಗೆಂದು ತೋರಿಸಿರುವ ಕೀಲಿ (ಸೇವೆ ಬಳಸಲು ಬೇಕಾದ ಗುರುತಿನ ಸಂಕೇತ) ಹಾಕಿದರೆ ಒಂದು ಸಲಕ್ಕೆ 10ಕ್ಕಿಂತ ಹೆಚ್ಚು ದಾಖಲೆ ಬರುವುದಿಲ್ಲ. ನೋಂದಾಯಿಸಿಕೊಂಡು ಸ್ವಂತ ಕೀಲಿ ಪಡೆಯಿರಿ.

ಸರ್ವರ್ ನಿಮ್ಮ ಫಿಲ್ಟರನ್ನು ನಿಜವಾಗಿ ಕೇಳಿಸಿಕೊಂಡಿತೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಇಲ್ಲದ ಊರಿನ ಹೆಸರು ಕೊಟ್ಟು ನೋಡಿ. ಶೂನ್ಯ ದಾಖಲೆ ಬಂದರೆ ಫಿಲ್ಟರ್ ಕೆಲಸ ಮಾಡುತ್ತಿದೆ. ಎಂದಿನಂತೆ ನೂರಾರು ದಾಖಲೆ ಬಂದರೆ ಪ್ಯಾರಾಮೀಟರ್ ಹೆಸರಿನಲ್ಲೇ ತಪ್ಪಿದೆ. ಎಷ್ಟೋ ಸರ್ವರ್‌ಗಳು ತಮಗೆ ಗೊತ್ತಿಲ್ಲದ ಪ್ಯಾರಾಮೀಟರನ್ನು ಬೈಯದೆ, ಸುಮ್ಮನೆ ಪಕ್ಕಕ್ಕಿಟ್ಟು ಇಡೀ ರಾಶಿಯನ್ನೇ ಕೊಟ್ಟುಬಿಡುತ್ತವೆ.

ಯುಆರ್‌ಎಲ್ ಟರ್ಮಿನಲ್‌ನಲ್ಲಿ ಮುರಿಯುವ ಮೂರು ಜಾಗ

ಆ್ಯಂಪರ್ಸ್ಯಾಂಡ್ (&) ಚಿಹ್ನೆ ಕಂಡ ತಕ್ಷಣ ಶೆಲ್ (ಟರ್ಮಿನಲ್‌ನಲ್ಲಿ ಆಜ್ಞೆ ಓದುವ ಪ್ರೋಗ್ರಾಮು) ಅಲ್ಲಿಗೆ ಆಜ್ಞೆ ಮುಗಿಯಿತು ಎಂದುಕೊಳ್ಳುತ್ತದೆ. ಅದರ ಮುಂದಿನ ಫಿಲ್ಟರ್ ಸರ್ವರಿಗೆ ಹೋಗುವುದೇ ಇಲ್ಲ. ಯುಆರ್‌ಎಲ್‌ಗೆ ಜೋಡಿ ಉದ್ಧರಣ ಹಾಕಿದರೆ ಇದು ನಿಲ್ಲುತ್ತದೆ, ಆದರೆ ಒಡೇಟಾದ $ಸೆಲೆಕ್ಟ್ ಅನ್ನು ಶೆಲ್ ತನ್ನ ವೇರಿಯಬಲ್ ಎಂದು ತಿಳಿದು ಅಳಿಸಿಬಿಡುತ್ತದೆ. ಒಂಟಿ ಉದ್ಧರಣವೇ ಸರಿ. ಮೂರನೆಯದು ಚೌಕ ಆವರಣ. ಫಿಲ್ಟರ್ಸ್[ಜಿಲ್ಲೆ] ಎಂಬ ಬರವಣಿಗೆಯನ್ನು ಕರ್ಲ್ ತನ್ನದೇ ಸಂಕೇತ ಎಂದು ಓದಿ ಶ್ರೇಣಿ ತಪ್ಪು ಎಂದು ನಿಲ್ಲುತ್ತದೆ. ಅದಕ್ಕೆ -ಜಿ ಆಯ್ಕೆ ಹಾಕಿ. ಜೊತೆಗೆ --ಕಂಪ್ರೆಸ್ಡ್ ಹಾಕಿದರೆ ಸರ್ವರ್ ಒಪ್ಪಿದಲ್ಲಿ ಉತ್ತರ ಸಂಕುಚಿತವಾಗಿ ಬರುತ್ತದೆ.

ಕನ್ನಡ ಬೆಲೆಯನ್ನು (ಇಲ್ಲಿ ಬೆಲೆ ಎಂದರೆ ದರವಲ್ಲ, ಫೀಲ್ಡಿನಲ್ಲಿ ತುಂಬಿರುವ ಪದ ಅಥವಾ ಸಂಖ್ಯೆ) ಯುಆರ್‌ಎಲ್‌ನಲ್ಲಿ ಕಳಿಸುವಾಗ ಅದು ಶೇಕಡಾ ಚಿಹ್ನೆಯ ಸಂಕೇತವಾಗಿ ಬದಲಾಗಬೇಕು. ರಾಯಚೂರು ಎಂಬುದರಲ್ಲಿ ಯುನಿಕೋಡ್ ಲೆಕ್ಕಕ್ಕೆ 7 ಸಂಕೇತ, ಪ್ರತಿಯೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಪ್ರತಿ ಬೈಟ್‌ಗೆ ಯುಆರ್‌ಎಲ್‌ನಲ್ಲಿ 3 ಅಕ್ಷರ. ಒಟ್ಟು 63 ಅಕ್ಷರ. ಇಪ್ಪತ್ತು ಊರಿನ ಹೆಸರನ್ನು ಒಂದೇ ಯುಆರ್‌ಎಲ್‌ಗೆ ತುರುಕಿದರೆ ಉದ್ದ ಎಲ್ಲಿಗೆ ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಸೇವೆಯಲ್ಲಿ ಮಾರುಕಟ್ಟೆಗೆ ಕೋಡ್ ಸಂಖ್ಯೆ ಇದ್ದರೆ ಹೆಸರಿಗಿಂತ ಅದೇ ವಾಸಿ.

ಪುಟ ಮೊದಲೋ, ಫಿಲ್ಟರ್ ಮೊದಲೋ

ಲಿಮಿಟ್ 100 ಎಂದು ಕೇಳಿ, ಬಂದ 100ರಲ್ಲಿ ಕೊಪ್ಪಳವನ್ನು ನಿಮ್ಮ ಕಂಪ್ಯೂಟರಿನಲ್ಲಿ ಸೋಸಿದರೆ ಸಿಗುವುದು ಮೊದಲ ಪುಟದ ಕೊಪ್ಪಳ ಮಾತ್ರ. ಫಿಲ್ಟರನ್ನು ಸರ್ವರಿಗೆ ಕೊಡಿ. ಅದು ಆಗದಿದ್ದರೆ ಎಲ್ಲ ಪುಟಗಳನ್ನೂ ತಂದ ಮೇಲೆ ಸೋಸಿ. ಉತ್ತರದಲ್ಲಿ ಒಟ್ಟು ದಾಖಲೆಗಳ ಸಂಖ್ಯೆ ಇದ್ದರೆ ನೀವು ಕೂಡಿಸಿದ ಸಂಖ್ಯೆಯನ್ನು ಅದಕ್ಕೆ ತಾಳೆ ನೋಡಿ. ಪುಟ ತಿರುಗಿಸುವಾಗ ವಿಂಗಡಣೆಯ ಕ್ರಮವನ್ನೂ ಕೇಳಿ. ಕ್ರಮ ಗಟ್ಟಿ ಇಲ್ಲದಿದ್ದರೆ ಒಂದೇ ದಾಖಲೆ ಎರಡು ಪುಟದಲ್ಲಿ ಬಂದು, ಇನ್ನೊಂದು ಎಲ್ಲೂ ಬಾರದೆ ಹೋಗಬಹುದು. ಒಟ್ಟು ಲೆಕ್ಕ ಸರಿ ಇದ್ದೂ ಒಳಗಿನ ಸರಕು ತಪ್ಪಿರುತ್ತದೆ.

ಜೆಕ್ಯೂನಲ್ಲಿ ಸೋಸುವುದು

ಇಲ್ಲಿಂದ ಕೆಲಸ ನಿಮ್ಮ ಕಂಪ್ಯೂಟರಿನದು. ಇಂಗ್ಲಿಷ್ ಫೀಲ್ಡ್ ಹೆಸರಿಗೆ ಚುಕ್ಕಿ ಇಟ್ಟು ಹೆಸರು ಬರೆದರೆ ಸಾಕು. ಕನ್ನಡ ಹೆಸರಾದರೆ ಜೆಕ್ಯೂ ಉದ್ಧರಣ ಕೇಳುತ್ತದೆ: ."ಜಿಲ್ಲೆ". ಉದ್ಧರಣ ಬಿಟ್ಟರೆ ವ್ಯಾಕರಣ ದೋಷ. ಇದು ಜೋರಾಗಿ ಕೂಗುವ ತಪ್ಪು, ಆದ್ದರಿಂದ ಹೆದರಬೇಕಿಲ್ಲ. ಹೆದರಬೇಕಾದ್ದು ಕಾಗುಣಿತಕ್ಕೆ. ."ಜಿಲೆ" ಎಂದು ಬರೆದರೆ ಅಂಥ ಫೀಲ್ಡ್ ಇಲ್ಲ ಎಂದು ಜೆಕ್ಯೂ ಹೇಳುವುದಿಲ್ಲ, ನಲ್ ಎಂದು ಕೊಟ್ಟು ಮುಂದೆ ಹೋಗುತ್ತದೆ.

ಮೊದಲು ಪದರ ಬಿಡಿಸಿ, ಪ್ರತಿ ಬೆಳೆಯೂ ಒಂದು ಸಮತಟ್ಟು ಸಾಲಾಗಲಿ:

```
.[] | {"ಮಾರುಕಟ್ಟೆ": ."ಮಾರುಕಟ್ಟೆ",
       "ಜಿಲ್ಲೆ": ."ಜಿಲ್ಲೆ",
       "ದಿನಾಂಕ": ."ದಿನಾಂಕ"} + ."ಆವಕ"[]
```

ನಮ್ಮ ನಮೂನೆಗೆ 4 ಸಾಲು ಬರಬೇಕು. ಆವಕ ಪಟ್ಟಿ ಖಾಲಿ ಇರುವ ಮಾರುಕಟ್ಟೆ ಇಲ್ಲಿ ಸದ್ದಿಲ್ಲದೆ ಮಾಯವಾಗುತ್ತದೆ. ಅಮಾವಾಸ್ಯೆಗೋ ಹಬ್ಬಕ್ಕೋ ಗಂಜ್ ಮುಚ್ಚಿದ ದಿನ ಎಂದು ತೋರಿಸಬೇಕಿದ್ದರೆ ಆ ಮಾರುಕಟ್ಟೆಗಳನ್ನು ಮೊದಲೇ ಬೇರೆ ಎತ್ತಿಟ್ಟುಕೊಳ್ಳಿ.

ಪದರ ಬಿಡಿಸದೆ, ಹತ್ತಿ ಬಂದ ಮಾರುಕಟ್ಟೆಗಳ ಪಟ್ಟಿ ಮಾತ್ರ ಬೇಕೆಂದು ಹಲವರು ಹೀಗೆ ಬರೆಯುತ್ತಾರೆ: ಸೆಲೆಕ್ಟ್(."ಆವಕ"[]."ಬೆಳೆ" == "ಹತ್ತಿ"). ರಾಯಚೂರಿನಲ್ಲಿ ಹತ್ತಿ ಎರಡು ಸಲ ಇರುವುದರಿಂದ ರಾಯಚೂರು ಎರಡು ಸಲ ಬರುತ್ತದೆ, ಒಟ್ಟು ಆವಕ ಕೂಡಿಸಿದರೆ ದುಪ್ಪಟ್ಟಾಗುತ್ತದೆ. ಸರಿಯಾದ ರೂಪ: ಸೆಲೆಕ್ಟ್(ಎನಿ(."ಆವಕ"[]; ."ಬೆಳೆ" == "ಹತ್ತಿ")).

ಇನ್ನು ದರದ ಫಿಲ್ಟರ್. ಜೆಕ್ಯೂನಲ್ಲಿ ಬೇರೆ ಬೇರೆ ಜಾತಿಯ ಬೆಲೆಗಳಿಗೂ ಒಂದು ಕ್ರಮ ಇದೆ: ನಲ್ ಎಲ್ಲಕ್ಕಿಂತ ಕೆಳಗೆ, ಆಮೇಲೆ ಸುಳ್ಳು-ನಿಜ, ಆಮೇಲೆ ಸಂಖ್ಯೆ, ಅದರ ಮೇಲೆ ಪಠ್ಯ. ಆದ್ದರಿಂದ ಪಠ್ಯವಾಗಿರುವ "950" ಕೂಡ 5000ಕ್ಕಿಂತ ದೊಡ್ಡದು ಎಂದು ಒಳಗೆ ಬರುತ್ತದೆ. 2000ಕ್ಕಿಂತ ಕಡಿಮೆ ಎಂದು ಕೇಳಿದರೆ ದರವೇ ಇಲ್ಲದ ತೊಗರಿಯೂ ನುಗ್ಗುತ್ತದೆ. ಹೋಲಿಸುವ ಮೊದಲು ಎಲ್ಲವನ್ನೂ ಸಂಖ್ಯೆ ಮಾಡಿ:

```
."ಮಾದರಿ" | ಟುಸ್ಟ್ರಿಂಗ್ | ಜಿಸಬ್(",", "") | ಟುನಂಬರ್? // ನಲ್
```

ಕೊನೆಯ // ನಲ್ ಅಲಂಕಾರಕ್ಕಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಸಂಖ್ಯೆಯಾಗದ ಬೆಲೆಗೆ ಏನೂ ಹೊರಬರುವುದಿಲ್ಲ, ಅದರ ಜೊತೆಗೆ ಇಡೀ ಸಾಲೇ ಹಾರಿಹೋಗುತ್ತದೆ. ನಲ್ ಇಟ್ಟರೆ ಸಾಲು ಉಳಿಯುತ್ತದೆ. ಆಮೇಲೆ ದರ ಇಲ್ಲದವು ಎಷ್ಟು ಎಂದು ಎಣಿಸಿ, ಬೇಕಿದ್ದರೆ ಬಿಡಬಹುದು.

ದಿನಾಂಕಕ್ಕೂ ಇದೇ ಗತಿ. 09/01/2025 ರೂಪದ ದಿನಾಂಕ ಪಠ್ಯವಾಗಿಯೇ ಹೋಲಿಕೆಯಾಗುತ್ತದೆ. 01/01/2025ರಿಂದ ಈಚೆಗೆ ಎಂದು ಕೇಳಿದರೆ 31/12/2024 ಕೂಡ ಬರುತ್ತದೆ, ಏಕೆಂದರೆ 3 ಎಂಬ ಅಂಕಿ 0ಗಿಂತ ದೊಡ್ಡದು. ಸ್ಪ್ಲಿಟ್("/") | ರಿವರ್ಸ್ | ಜಾಯಿನ್("-") ಎಂದು ತಿರುಗಿಸಿ 2025-01-09 ಮಾಡಿಕೊಂಡರೆ ಪಠ್ಯದ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತವೆ.

ಜಿಲ್ಲೆಯ ಫಿಲ್ಟರ್ ಮೊದಲು, ಫೀಲ್ಡ್ ಆಯ್ಕೆ ಆಮೇಲೆ. ಜೆಕ್ಯೂನ ಕೊಳವೆಯಲ್ಲಿ ಜಿಲ್ಲೆಯ ಫೀಲ್ಡನ್ನು ಮೊದಲೇ ಬಿಟ್ಟುಬಿಟ್ಟರೆ ಮುಂದೆ ಸೋಸಲು ಏನೂ ಇರುವುದಿಲ್ಲ. ಒಡೇಟಾದಲ್ಲಿ ಈ ಚಿಂತೆ ಬೇಡ, ಆರಿಸದ ಫೀಲ್ಡಿನ ಮೇಲೂ ಫಿಲ್ಟರ್ ಹಾಕಬಹುದು.

ಸೊನ್ನೆ ಬೇರೆ, ಖಾಲಿ ಬೇರೆ

ತುಂಗಭದ್ರಾ ಜಲಾಶಯದ ದಿನದ ಮಾಹಿತಿಯನ್ನು ತೆಗೆದುಕೊಳ್ಳಿ: ನೀರಿನ ಮಟ್ಟ ಅಡಿಗಳಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಹೊರಹರಿವು ಕ್ಯೂಸೆಕ್ಸ್‌ನಲ್ಲಿ. ಬೇಸಿಗೆಯಲ್ಲಿ ಒಳಹರಿವು 0 ಎಂಬುದು ನಿಜವಾದ ಸುದ್ದಿ. ನಲ್ ಎಂದರೆ ಆ ದಿನ ಯಾರೂ ತುಂಬಿಲ್ಲ. ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್‌ನಲ್ಲಿ ಬೆಲೆ ಇದ್ದರೆ ಮಾತ್ರ ತೆಗೆದುಕೋ ಎಂದು ಬರೀ ಇಫ್ ಹಾಕಿದರೆ 0 ಕೂಡ ಇಲ್ಲದ ಲೆಕ್ಕಕ್ಕೆ ಸೇರಿ ಹೊರಬೀಳುತ್ತದೆ. ಜೆಕ್ಯೂನಲ್ಲಿ 0 ನಿಜವೇ. ನಲ್ ಮತ್ತು ಸುಳ್ಳು ಎರಡೇ ಬೀಳುತ್ತವೆ. ಕೋಡನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಇದು ಎಡವಿಸುತ್ತದೆ. ನಲ್‌ಗೆ ಸಮವಲ್ಲ ಎಂದು ಬಿಡಿಸಿ ಬರೆಯಿರಿ.

ಭೌತಿಕ ಮಿತಿಯನ್ನೂ ಫಿಲ್ಟರ್ ಮಾಡಿಕೊಳ್ಳಬಹುದು. ಜಲಾಶಯದ ಗರಿಷ್ಠ ಮಟ್ಟ 1633 ಅಡಿ, ಸಾಮರ್ಥ್ಯ 105.788 ಟಿಎಂಸಿ. ಮಟ್ಟ 16330 ಎಂದು ಬಂದರೆ ಚುಕ್ಕಿ ಎಲ್ಲೋ ಬಿದ್ದುಹೋಗಿದೆ ಎಂದು ಅರ್ಥ. ಅಂಥ ಸಾಲನ್ನು ಎಸೆಯಬೇಡಿ, ಬೇರೆ ಕಡತಕ್ಕೆ ಹಾಕಿ ಕಣ್ಣಿನಿಂದ ನೋಡಿ.

ಒಂದೇ ಊರು, ಹಲವು ಬರವಣಿಗೆ

ನಮ್ಮ ಭಾಗದ ದತ್ತಾಂಶದಲ್ಲಿ ಹೆಚ್ಚು ಸಾಲು ಕಳೆದುಹೋಗುವುದು ಇಲ್ಲಿ. ಕೊಪ್ಪಳ ಎಂದು ಫಿಲ್ಟರ್ ಹಾಕುತ್ತೀರಿ, ಪರದೆಯ ಮೇಲೆ ಕೊಪ್ಪಳ ಎಂದೇ ಕಾಣುವ ದಾಖಲೆ ಹೊಂದುವುದಿಲ್ಲ. ಕಾರಣ, ಕೊ ಎಂಬುದನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಕ ಮತ್ತು ಒಂದೇ ಒತ್ವ, ಇಲ್ಲವೇ ಕ, ಎತ್ವ, ಊತ್ವ ಎಂದು ಬಿಡಿಯಾಗಿ. ಕಣ್ಣಿಗೆ ವ್ಯತ್ಯಾಸ ಇಲ್ಲ, ಯಂತ್ರಕ್ಕೆ ಇದೆ. ಜೆಕ್ಯೂನಲ್ಲಿ ಲೆಂಗ್ತ್ ಕೇಳಿದರೆ ಮೊದಲನೆಯ ಕೊಪ್ಪಳಕ್ಕೆ 6, ಎರಡನೆಯದಕ್ಕೆ 7 ಬರುತ್ತದೆ. ಪತ್ತೆ ಹಚ್ಚಲು ಇಷ್ಟು ಸಾಕು. ಸರಿಪಡಿಸಲು ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟು ಎರಡನ್ನೂ ಒಂದೇ ರೂಪಕ್ಕೆ ತನ್ನಿ. ದಾಖಲೆಯ ಬೆಲೆಗೂ ಮಾಡಬೇಕು, ನೀವು ಹುಡುಕುವ ಪದಕ್ಕೂ ಮಾಡಬೇಕು.

ಎನ್‌ಎಫ್‌ಸಿ ಮುಟ್ಟದ ಇನ್ನೊಂದು ಕಾಣದ ಅಕ್ಷರ ಇದೆ. ಆರ್‌ಎನ್‌ಆರ್ ಎಂಬ ಭತ್ತದ ತಳಿಯ ಹೆಸರಿನಲ್ಲಿ ಅಕ್ಷರಗಳು ಕೂಡಿಕೊಳ್ಳದಿರಲೆಂದು ನಡುವೆ ಶೂನ್ಯ ಅಗಲದ ತಡೆ ಅಕ್ಷರ ಹಾಕಿರುತ್ತಾರೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಜಾಗ ಬಿಡುತ್ತಾರೆ, ಮತ್ತೊಬ್ಬರು ಚುಕ್ಕಿ ಇಡುತ್ತಾರೆ. ಹೋಲಿಕೆಗೆಂದೇ ಒಂದು ಬೇರೆ ಪ್ರತಿ ಮಾಡಿ, ಅದರಲ್ಲಿ ಇವನ್ನೆಲ್ಲ ಮತ್ತು ಹಿಂದೆ ಮುಂದಿನ ಖಾಲಿ ಜಾಗವನ್ನು ತೆಗೆದುಹಾಕಿ. ತೋರಿಸಲು ಮಾತ್ರ ಮೂಲದ್ದೇ ಇರಲಿ.

ಬಳ್ಳಾರಿಯ ಕಥೆ ಬೇರೆ. 2014ರ ನವೆಂಬರ್ 1ರಂದು ಇಂಗ್ಲಿಷ್ ಕಾಗುಣಿತ ಬೆಲ್ಲಾರಿಯಿಂದ ಬಳ್ಳಾರಿಗೆ ಬದಲಾಯಿತು. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ಕೂತಿದೆ, ಹಾಗಾಗಿ ಎರಡನ್ನೂ ಕೇಳಿ. ಅದಕ್ಕಿಂತ ಗಂಭೀರವಾದದ್ದು 2021ರ ವಿಜಯನಗರ ಜಿಲ್ಲೆಯ ವಿಭಜನೆ. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಅತ್ತ ಹೋದವು. ಜಿಲ್ಲೆ ಬಳ್ಳಾರಿ ಎಂದು ಫಿಲ್ಟರ್ ಹಾಕಿ 2019ರಿಂದ 2024ರವರೆಗೆ ಗ್ರಾಫ್ ಬಿಡಿಸಿದರೆ ಶೇಂಗಾ ಆವಕ ದಿಢೀರ್ ಕುಸಿದಂತೆ ಕಾಣಬಹುದು. ಬೆಳೆ ಕಡಿಮೆಯಾದದ್ದಲ್ಲ, ಗಡಿ ಸರಿದದ್ದು. ವರ್ಷಗಟ್ಟಲೆಯ ಹೋಲಿಕೆಗೆ ಜಿಲ್ಲೆಯನ್ನು ನಂಬದೆ ಮಾರುಕಟ್ಟೆಗಳ ಪಟ್ಟಿಯನ್ನೇ ಫಿಲ್ಟರ್ ಮಾಡಿ.

ಎಕ್ಸ್‌ಎಂಎಲ್ ಬಂದರೆ

ಹಳೆಯ ಸೇವೆಗಳು ಇನ್ನೂ ಎಕ್ಸ್‌ಎಂಎಲ್ ಕೊಡುತ್ತವೆ. ಅಲ್ಲಿನ ಪರಿಕರ 1999ರ ಎಕ್ಸ್‌ಪಾತ್: //ದಾಖಲೆ[ಜಿಲ್ಲೆ='ರಾಯಚೂರು']/ಮಾದರಿ. ಎಣಿಕೆ ಇಲ್ಲಿ 1ರಿಂದ ಶುರು, ಜೆಕ್ಯೂನಲ್ಲಿ 0ಯಿಂದ. ಕಡತದ ಮೊದಲ ಟ್ಯಾಗಿನಲ್ಲಿ ನೇಮ್‌ಸ್ಪೇಸ್ ಘೋಷಣೆ (ಟ್ಯಾಗಿನ ಹೆಸರುಗಳು ಯಾವ ಗುಂಪಿನವು ಎಂಬ ಗುರುತು) ಇದ್ದರೆ ಬರೀ ಹೆಸರಿಗೆ ಏನೂ ಸಿಗುವುದಿಲ್ಲ, ದೋಷವೂ ಬರುವುದಿಲ್ಲ. ಆಗ //*[ಲೋಕಲ್-ನೇಮ್()='ದಾಖಲೆ'] ಎಂದು ಬರೆಯಿರಿ. "7,100"ರ ವಿಷಯದಲ್ಲಿ ಇದು ಜೆಕ್ಯೂಗೆ ತದ್ವಿರುದ್ಧ. ಎಕ್ಸ್‌ಪಾತ್ ಅದನ್ನು ಸಂಖ್ಯೆ ಮಾಡಲು ಹೋಗಿ ಸೋತು, ಹೆಚ್ಚು-ಕಡಿಮೆಯ ಯಾವ ಹೋಲಿಕೆಗೂ ಇಲ್ಲ ಎನ್ನುತ್ತದೆ. ಒಂದೇ ದರ ಅಲ್ಲಿ ತಪ್ಪಾಗಿ ಒಳಗೆ, ಇಲ್ಲಿ ತಪ್ಪಾಗಿ ಹೊರಗೆ. ಒಂದು ದಾಖಲೆಯಲ್ಲಿ ಹಲವು ಬೆಳೆ ಇದ್ದಾಗ ಬೆಳೆ != 'ಹತ್ತಿ' ಎಂದರೆ ಹತ್ತಿಯಲ್ಲದ್ದು ಒಂದಾದರೂ ಇದ್ದರೆ ಸಾಕು ಎಂದಾಗುತ್ತದೆ. ಹತ್ತಿ ಇಲ್ಲವೇ ಇಲ್ಲ ಎನ್ನಲು ನಾಟ್(ಬೆಳೆ='ಹತ್ತಿ').

ಮುಂದಕ್ಕೆ ಕೊಡುವ ಮೊದಲು

ದಾಖಲೆಯಲ್ಲಿ ರೈತರ ಫೋನ್, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಇದ್ದರೆ ಅವನ್ನು ಒಂದೊಂದಾಗಿ ಅಳಿಸುವ ವಿಧಾನ ಬೇಡ. ನಾಳೆ ಸೇವೆಯವರು ಹೊಸದೊಂದು ಫೀಲ್ಡ್ ಸೇರಿಸಿದರೆ ಅದು ನಿಮ್ಮ ಅಳಿಸುವ ಪಟ್ಟಿಯಲ್ಲಿ ಇರುವುದಿಲ್ಲ, ನೇರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಬೇಕಾದವನ್ನಷ್ಟೇ ಹೆಸರಿಸಿ ಎತ್ತಿಕೊಳ್ಳಿ. ದೊಡ್ಡ ಗುರುತಿನ ಸಂಖ್ಯೆಗಳು 15 ಅಂಕಿ ದಾಟಿದರೆ ಸಂಖ್ಯೆಯಾಗಿ ಓದಬೇಡಿ. 9007199254740991ರ ಆಚೆ ಜಾವಾಸ್ಕ್ರಿಪ್ಟ್ ಕೊನೆಯ ಅಂಕಿಗಳನ್ನು ತನ್ನಿಷ್ಟದಂತೆ ಬದಲಿಸುತ್ತದೆ. ಪಠ್ಯವಾಗಿಯೇ ಇರಲಿ.

ಕೊನೆಗೆ ಎಕ್ಸೆಲ್. ಜೆಕ್ಯೂನಲ್ಲಿ ಬೇಕಾದ ಫೀಲ್ಡುಗಳನ್ನು ಚೌಕ ಆವರಣದಲ್ಲಿ ಸಾಲಾಗಿ ಕೊಟ್ಟು, @ಸಿಎಸ್‌ವಿಗೆ ಕೊಳವೆ ಹಾಯಿಸಿ, -ಆರ್ ಹಾಕಿದರೆ ಸಿಎಸ್‌ವಿ ಕಡತ ಸಿದ್ಧ. ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡದ ಜಾಗದಲ್ಲಿ ಗೀಚು ಗೀಚು ಕಾಣಬಹುದು. ಡೇಟಾ ಟ್ಯಾಬಿನಿಂದ ಆಮದು ಮಾಡಿಕೊಂಡು ಸಂಕೇತದಲ್ಲಿ 65001 ಯುಟಿಎಫ್-8 ಆರಿಸಿ. ಇಲ್ಲವೇ ಕಡತದ ತಲೆಗೆ ಬಿಒಎಂ ಎಂಬ 3 ಬೈಟ್‌ನ ಕಾಣದ ಗುರುತು ಸೇರಿಸಿ. ಬಿಒಎಂ ಸೇರಿಸಿದ ಅದೇ ಕಡತವನ್ನು ಮತ್ತೆ ಪೈಥಾನಿನಲ್ಲಿ ಓದುವುದಿದ್ದರೆ ಯುಟಿಎಫ್-8-ಸಿಗ್ ಎಂದು ಹೇಳಿ. ಹೇಳದಿದ್ದರೆ ಆ ಕಾಣದ ಗುರುತು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, ಕಣ್ಣೆದುರೇ ಇರುವ ಮಾರುಕಟ್ಟೆ ಎಂಬ ಫೀಲ್ಡ್ ಸಿಗುವುದಿಲ್ಲ.